ಲಾಳಿಕೆಗೆ ಹಚ್ಚಿದ ಎಣ್ಣೆ

ಆಗ ನನಗೆ ಅರವತ್ತೊಂದು. ಇದು ನಡೆದು ಆರು ವರ್ಷವಾಯಿತು. ಮದ್ದೂರಿನಲ್ಲಿ ದೊಡ್ಡ ರಸ್ತೆಯ ಪಕ್ಕ ನನ್ನದೊಂದು ಗ್ಯಾರೇಜು ಇತ್ತು. ಕಟ್ಟಿದವರು ನನ್ನ ಗಂಡ, ಅವರು ಹೋದ ಮೇಲೆ ನಡೆಸಿದವಳು ನಾನು. ನಾನು ಓದಿದ್ದು ಎರಡನೇ ಕ್ಲಾಸು. ಇಂಗ್ಲಿಷ್ ಅಂಕಿಗಳು, ಡಬ್ಬಿಗಳ ಮೇಲಿನ ಒಂದಷ್ಟು ಅಕ್ಷರಗಳು ಗೊತ್ತಿದ್ದವು. ಬ್ರೇಕಿನ ಕೆಲಸಕ್ಕೆ ಅದು ಸಾಕಿತ್ತು. ಆ ಕೆಲಸದಲ್ಲಿ ನನ್ನನ್ನು ಕೇಳದೆ ನಮ್ಮ ಮೆಕ್ಯಾನಿಕ್ ನಾಗರಾಜು ಒಂದು ನಟ್ಟೂ ಬಿಚ್ಚುತ್ತಿರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ ಹಲಗೂರಿನ ಶಿವಣ್ಣ ತನ್ನ ಬಾಡಿಗೆ ಗಾಡಿ ತಂದು ನಿಲ್ಲಿಸಿದ. ಏಳು ಸೀಟಿನ ಹಳೆಯ ಗಾಡಿ.

"ಬ್ರೇಕ್ ಒತ್ತಿದ್ರೆ ಕಾಲು ಒಳಕ್ಕೇ ಓಯ್ತದೆ ಕಣಮ್ಮ. ನಾಳೆ ಮಾದೇಸ್ವರನ ಬೆಟ್ಟಕ್ಕೆ ಓಗ್ಬೇಕು, ಮಗೀನ ಮುಡಿ ಕೊಡ್ಬೇಕು. ಅವ್ವ ಅರಕೆ ಒತ್ತವ್ಳೆ. ಇವತ್ತೇ ಮಾಡ್ಕೊಡಿ," ಅಂದ.

ತಿಳಿಯದವರಿಗೆ ಹೇಳುತ್ತೇನೆ. ಕಾಲಲ್ಲಿ ಬ್ರೇಕ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಎನ್ನುವ ಭಾಗ ಬ್ರೇಕ್ ಆಯಿಲನ್ನು ಸಣ್ಣ ಪೈಪುಗಳೊಳಗೆ ನೂಕುತ್ತದೆ. ಆ ಒತ್ತಡವೇ ಚಕ್ರಗಳನ್ನು ಹಿಡಿದು ನಿಲ್ಲಿಸುತ್ತದೆ. ಗಾಡಿಯ ಅಡಿಯಲ್ಲಿ ಹೋಗುವುದು ಕಬ್ಬಿಣದ ಪೈಪು. ಚಕ್ರದ ಹತ್ತಿರ ಮಾತ್ರ ರಬ್ಬರ್ ಹೋಸು, ಯಾಕೆಂದರೆ ಅಲ್ಲಿ ಅದು ಬಾಗಬೇಕು. ಶಿವಣ್ಣನ ಗಾಡಿಯ ಹೋಸುಗಳೆಲ್ಲ ಬಿರುಕು ಬಿಟ್ಟಿದ್ದವು. ಒತ್ತಿದರೆ ಒತ್ತಡ ಚಕ್ರಕ್ಕೆ ಹೋಗದೆ ಹೋಸೇ ಉಬ್ಬುತ್ತಿತ್ತು. ಹಿಂದಿನ ಕಬ್ಬಿಣದ ಪೈಪೂ ತುಕ್ಕು ತಿಂದಿತ್ತು.

ಅವನು ಬೆಂಗಳೂರಿಂದ ಹೊಸ ಹೋಸುಗಳನ್ನು ತಂದಿದ್ದ. ಮೇಲೆ ಸ್ಟೀಲ್ ತಂತಿ ಹೆಣೆದದ್ದು, ಉಬ್ಬುವುದಿಲ್ಲ. ಒಳ್ಳೆಯ ಮಾಲು. ಜೊತೆಗೆ ನೇರಳೆ ಬಣ್ಣದ ಬ್ರೇಕ್ ಆಯಿಲ್ ತಂದಿದ್ದ. ಅದರ ಮೇಲೆ ಡಾಟ್ 5 ಎಂದಿತ್ತು.

"ಇದು ಬ್ಯಾಡ," ಅಂದೆ.

"ಯಾಕಮ್ಮ? ಮೂರು ನಾಕಕ್ಕಿಂತ ಐದು ದೊಡ್ಡುದಲ್ವಾ?"

"ದೊಡ್ಡುದು ಅಂತ ಏಳನೇ ನಂಬರ್ ಕಾಲಿಗೆ ಒಂಬತ್ತನೇ ನಂಬರ್ ಚಪ್ಲಿ ಆಕ್ಕೊಂಡು ಓಡಾಡ್ತೀಯೇನ್ಲಾ?"

ನಾಗರಾಜು ಗಾಡಿಯ ಅಡಿಯಿಂದಲೇ ನಕ್ಕ. ಶಿವಣ್ಣನ ಗಾಡಿಯ ಆಯಿಲ್ ಮುಚ್ಚಳದ ಮೇಲೆ ಡಾಟ್ 3 ಎಂದಿತ್ತು. ಡಾಟ್ 3, ಡಾಟ್ 4, 5.1 ಇವೆಲ್ಲ ಒಂದೇ ಜಾತಿ. ಡಾಟ್ 5 ಬೇರೆ ಜಾತಿ, ಸಿಲಿಕೋನಿನದು. ಅದು ಹಳೆಯದರ ಜೊತೆ ಬೆರೆಯುವುದಿಲ್ಲ. ಬೆಟ್ಟ ಇಳಿಯುವಾಗ ಬ್ರೇಕ್ ಕಾಯುತ್ತದೆ, ಡಾಟ್ 4 ಹೆಚ್ಚು ಶಾಖ ತಡೆಯುತ್ತದೆ, ಅದಕ್ಕೆ ಸೀಲ್ ಒಡೆಯದ ಡಾಟ್ 4 ಡಬ್ಬಿ ಕೊಟ್ಟೆ. ಇಂಜಿನ್ ಆಯಿಲ್, ಸೀಮೆಎಣ್ಣೆ ಇದರೊಳಗೆ ಹೋದರೆ ಸಿಲಿಂಡರಿನೊಳಗಿನ ಬಟ್ಟಲಿನಂಥ ರಬ್ಬರುಗಳು ಊದಿ ಬ್ರೇಕ್ ಕಚ್ಚಿಕೊಳ್ಳುತ್ತದೆ, ಆಮೇಲೆ ಹಿಡಿಯುವುದೇ ಇಲ್ಲ ಅಂತಲೂ ಹೇಳಿದೆ. ಪಾಠ ಮಾಡಿದ ಹಾಗೆ ಹೇಳಿದೆ. ಜಂಬ ಇತ್ತು ನನಗೆ, ಇರಲಿಲ್ಲ ಅಂದರೆ ಸುಳ್ಳು.

ಮಧ್ಯಾಹ್ನ ನಾಗರಾಜು ಹೊಸ ಹೋಸು, ಹಿಂದಿನ ಪೈಪು ಹಾಕುತ್ತಿದ್ದ. ನಾನು ಪೂಜೆಗೆ ಸಾಮಾನು ತೊಳೆಯಲು ಕೂತೆ. ನಮ್ಮಲ್ಲಿ ಆಯುಧಪೂಜೆಗೆ ಎಲ್ಲ ಸಾಮಾನನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ತುಕ್ಕು ಹಿಡಿಯದಂತೆ ಇಂಜಿನ್ ಆಯಿಲ್ ಸವರಿ ಮಣೆಯ ಮೇಲೆ ಜೋಡಿಸುತ್ತಾರೆ. ಮಿರಮಿರ ಅನ್ನಬೇಕು, ಆಮೇಲೆ ಕುಂಕುಮ. ಸ್ಪ್ಯಾನರು, ಜಾಕಿ, ಸುತ್ತಿಗೆ ಎಲ್ಲಕ್ಕೂ ಸವರಿದೆ. ಬ್ರೇಕ್ ಆಯಿಲ್ ಹುಯ್ಯುವ ತಗಡಿನ ಲಾಳಿಕೆ ಮತ್ತು ಜಗ್ಗು ಮಾತ್ರ ಬೇರೆ ಕಪಾಟಿನಲ್ಲಿರುತ್ತಿದ್ದವು. ಅವುಗಳ ಹತ್ತಿರ ಎಣ್ಣೆ ತರಬಾರದು ಅಂತ ಕಾನೂನು ಮಾಡಿದವಳೂ ನಾನೇ. ಹಬ್ಬಕ್ಕೆ ಅವು ಮಾತ್ರ ಕೊಳಕಾಗಿರಬೇಕಾ ಅಂತ ಅವನ್ನೂ ತಂದು ತೊಳೆದು, ಒಳಗೂ ಹೊರಗೂ ಎಣ್ಣೆ ಸವರಿ ಮಣೆಯ ಮೇಲಿಟ್ಟೆ.

ಸಂಜೆ ನಾಗರಾಜು ಆ ಮಣೆಯಿಂದಲೇ ಲಾಳಿಕೆ, ಜಗ್ಗು ಎತ್ತಿಕೊಂಡು ಆಯಿಲ್ ತುಂಬಿಸಿದ. ನಾನು ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿದೆ, ಅವನು ಒಂದೊಂದೇ ಚಕ್ರದ ನಿಪ್ಪಲ್ ಬಿಚ್ಚಿ ಪೈಪಿನೊಳಗಿನ ಏರ್ ತೆಗೆದ. ಪೆಡಲ್ಲು ಕಲ್ಲಿನ ಹಾಗೆ ನಿಂತಿತು. ಶಿವಣ್ಣ ಖುಷಿಯಾಗಿ ಹೋದ.

ಮರುದಿನ ಬೆಳಿಗ್ಗೆ ಜಗ್ಗಿಗೆ ಕುಂಕುಮ ಇಡಲು ಬಗ್ಗಿದೆ. ತಳದಲ್ಲಿ ಉಳಿದಿದ್ದ ಬ್ರೇಕ್ ಆಯಿಲಿನ ಮೇಲೆ ಎಣ್ಣೆಯ ಸಣ್ಣ ಸಣ್ಣ ಬಿಲ್ಲೆಗಳು ತೇಲುತ್ತಿದ್ದವು. ಗಾಜಿನ ಲೋಟಕ್ಕೆ ಬಗ್ಗಿಸಿ ನೋಡಿದೆ. ಎಣ್ಣೆ ಮೇಲೆ ನಿಂತಿತು. ನಾಗರಾಜುವಿಗೆ ತೋರಿಸಿದೆ.

"ಒಸೀನೆ ಅಲ್ವಾ ಅಕ್ಕ? ಏನೂ ಆಗಾಕಿಲ್ಲ," ಅಂದ. ಆಗುತ್ತದೆ ಅಂತ ಅವನಿಗೂ ಗೊತ್ತಿತ್ತು.

ಫೋನು ನನ್ನ ಮಡಿಲಲ್ಲೇ ಇತ್ತು. ಆದರೆ ಅಕ್ಕಪಕ್ಕದ ಅಂಗಡಿಯವರೆಲ್ಲ ಬಂದು ನಿಂತಿದ್ದರು. ಬೂದುಗುಂಬಳಕಾಯಿಗೆ ಕರ್ಪೂರ ಹಚ್ಚಿ ಆಗಿತ್ತು. ನಡುವೆ ಪೂಜೆ ನಿಲ್ಲಿಸಿದರೆ ಕೆಟ್ಟದಾಗುತ್ತದೆ ಅನಿಸಿತು. ಕಾಯಿ ಒಡೆಸಿ, ಮಂಗಳಾರತಿ ಮಾಡಿ, ಎಲ್ಲರಿಗೂ ಕಡ್ಲೆಪುರಿ ಹಂಚಿ, ಆಮೇಲೆ ಫೋನು ಮಾಡಿದೆ. ಅಷ್ಟು ಹೊತ್ತು ಆ ಗಾಡಿ ಹೋಗುತ್ತಲೇ ಇತ್ತು, ನನಗೆ ಗೊತ್ತಿದ್ದೂ.

"ಸಿವಣ್ಣ, ಎಲ್ಲಿದ್ದೀಯ?"

"ಅನೂರು ದಾಟಿ ಬಂದ್ವಿ ಕಣಮ್ಮ. ಪೂಜೆ ಆಯ್ತಾ?"

"ಬ್ರೇಕು ಎಂಗದೆ?"

"ಗಟ್ಟಿ ಅವೆ. ಒಸಿ ಜಾಸ್ತೀನೆ ಗಟ್ಟಿ. ಗಾಡಿ ಎಳೀತಾನೇ ಇಲ್ಲ. ಅವ್ವನ ಬಾರ ಇರ್ಬೇಕು."

ಹಿಂದಿನಿಂದ ಅವನ ತಾಯಿಯ ಗಂಟಲು ಕೇಳಿತು: "ನನ್ ಬಾರ ಯಾಕ್ಲಾ ಏಳೀಯ? ನಿನ್ನೆಡ್ತಿ ಕಟ್ಕೊಂಡು ಬಂದಿರೋ ಬುತ್ತಿ ಮೂಟೆ ನೋಡು!" ಮಕ್ಕಳು ನಕ್ಕವು.

"ಗಾಡಿ ನಿಲ್ಸು," ಅಂದೆ. "ಬೆಟ್ಟ ಅತ್ತಬ್ಯಾಡ. ಆಯಿಲಿಗೆ ಎಣ್ಣೆ ಬೆರ್ತದೆ. ಇಳಿಯೋವಾಗ ಬ್ರೇಕ್ ಇರಾಕಿಲ್ಲ."

ಅವನು ಬೈದ. ಬೈದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಆದರೆ ನಿಲ್ಲಿಸಿದ. ಬೆಟ್ಟ ಶುರುವಾಗುವ ತಾಳುಬೆಟ್ಟದ ಹತ್ತಿರ, ಮುಂದಿನ ಚಕ್ರಗಳಿಂದ ಹೊಗೆ ಬರುತ್ತಿದ್ದಾಗ.

ಪೂಜೆಗಿಟ್ಟ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿದೆ. ಪಕ್ಕದ ಟೈರು ಅಂಗಡಿಯ ಕೆಂಪಣ್ಣ ಅಡ್ಡ ಬಂದ. "ಇವತ್ತು ಆಯುಧ ಎತ್ತಬಾರ್ದು ಕಣಮ್ಮ."

"ಎತ್ತಬಾರ್ದು ಅಂತ ನಂಗೂ ಗೊತ್ತು. ನಿನ್ ಪಿಕಪ್ ಕೀ ಕೊಡು."

ಕೊಟ್ಟ. ನಾಗರಾಜು ಓಡಿಸಿದ. ನಾವು ತಲುಪುವ ಹೊತ್ತಿಗೆ ಅವರೆಲ್ಲ ಮರದ ಕೆಳಗೆ ಕೂತಿದ್ದರು. ಪೆಡಲ್ಲು ಮೇಲೇ ಕಚ್ಚಿಕೊಂಡಿತ್ತು, ಚಕ್ರಗಳು ತಿರುಗುತ್ತಿರಲಿಲ್ಲ. ಮಾಸ್ಟರ್ ಸಿಲಿಂಡರಿನ ಮುಚ್ಚಳದೊಳಗಿನ ರಬ್ಬರು ನೆನೆಹಾಕಿದ ಕಡಲೆಯ ಹಾಗೆ ಊದಿತ್ತು.

ಶಿವಣ್ಣ ನೇರ ಹೋಗಿ ನಾಗರಾಜುವಿನ ಕೊರಳಪಟ್ಟಿ ಹಿಡಿದ. ಅಲ್ಲಿ ನಿಂತಿದ್ದ ಬೇರೆ ಗಾಡಿಗಳ ಜನವೂ ಸುತ್ತುಗಟ್ಟಿತು.

"ಆಯಿಲ್ ಉಯ್ದೋನು ನೀನೇ ತಾನೆ? ಕಣ್ಣು ಎಲ್ಲಿಟ್ಟಿದ್ದೆ? ನನ್ನ ಮಕ್ಳನ್ನ ಸಾಯಿಸ್ಬೇಕು ಅಂತ ಇದ್ದೇನ್ಲಾ?"

ನಾಗರಾಜು ತಲೆ ತಗ್ಗಿಸಿದ. ಆಯಿಲ್ ಹುಯ್ದವನು ಅವನೇ ಹೌದು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಶಿವಣ್ಣನ ತಾಯಿ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ನನಗಿಂತ ಹತ್ತು ವರ್ಷ ದೊಡ್ಡವರು.

"ನೀನು ಪೋನು ಮಾಡ್ದೆ ಇದ್ದಿದ್ರೆ ನಾವ್ಯಾರೂ ಇರ್ತಿರ್ಲಿಲ್ಲ ಕಣವ್ವ. ಮಾದಪ್ಪನೇ ನಿನ್ನ ಬಾಯಲ್ಲಿ ಬಂದ," ಅಂದರು. ಮಗನ ಕಡೆ ತಿರುಗಿ, "ಅವನ್ನ ಏನಾರ ಮಾಡ್ಕೊ, ಈಯವ್ವನ ಕಾಲಿಗೆ ಬೀಳು ಮೊದ್ಲು," ಅಂದರು.

ಶಿವಣ್ಣ ಬಿದ್ದ. ಅಷ್ಟು ಜನರ ಮುಂದೆ ಬಿದ್ದ. ನನ್ನ ಬಾಯಿ ಮುಚ್ಚಿಕೊಂಡಿತು. ಅವರು ಬಸ್ಸು ಹತ್ತಿ ಬೆಟ್ಟಕ್ಕೆ ಹೋಗುವವರೆಗೂ ಮುಚ್ಚಿಕೊಂಡೇ ಇತ್ತು.

ನಿಪ್ಪಲ್ ಬಿಚ್ಚಿ ಒತ್ತಡ ಇಳಿಸಿ ಚಕ್ರ ಬಿಡಿಸಿದೆವು. ಗಾಡಿಯನ್ನು ಲಾರಿಯ ಮೇಲೆ ಹೇರಿಸಿ ಗ್ಯಾರೇಜಿಗೆ ಕಳಿಸಿದೆವು. ವಾಪಸು ಬರುವಾಗ ಮಳವಳ್ಳಿಯ ಹತ್ತಿರ ನಾಗರಾಜು, "ಮಣೆ ಮೇಲಿಂದ ಎತ್ತೋವಾಗ ನಾನೂ ಒಂದ್ಸಲ ಮುಟ್ಟಿ ನೋಡ್ಬೇಕಾಗಿತ್ತು ಅಕ್ಕ," ಅಂದ. ಅವನು ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು.

ಬ್ರೇಕಿನ ಕೆಲಸ ನನಗೆ ಕಲಿಸಿದ್ದು ಇಷ್ಟೆ. ಡಬ್ಬಿಯ ಮೇಲಿನ ನಂಬರು ಸರಿಯಿದ್ದರೆ ಸಾಲದು, ಅದು ಮುಟ್ಟುವ ಪ್ರತಿಯೊಂದೂ ಸರಿಯಿರಬೇಕು. ತಪ್ಪಾಯಿತು ಅಂತ ಗೊತ್ತಾದ ಗಳಿಗೆಯಲ್ಲೇ ಹೇಳಬೇಕು. ದೇವರು ಕಾಯುತ್ತಾನೆ, ಓಡುವ ಗಾಡಿ ಕಾಯುವುದಿಲ್ಲ.

ಅವರು ಅದೇ ರಾತ್ರಿ ಬಸ್ಸಿನಲ್ಲಿ ಊರಿಗೆ ಬಂದರೆಂದು ಗೊತ್ತಾಯಿತು. ಮರುದಿನ ಬೆಳಿಗ್ಗೆ ನಾಗರಾಜುವನ್ನು ಅವನ ಮನೆಯಿಂದ ಎಬ್ಬಿಸಿ ಹಲಗೂರಿಗೆ ಕರೆದುಕೊಂಡು ಹೋದೆ. ಯಾಕೆ ಅಂತ ಹೇಳಲಿಲ್ಲ. ಶಿವಣ್ಣನ ತಾಯಿ ಬಾಗಿಲಲ್ಲೇ ನನ್ನನ್ನು ಕಂಡು ಒಳಗೆ ಹೋಗಿ, ಬೆಟ್ಟದಿಂದ ತಂದಿದ್ದ ಲಾಡು ಹಿಡಿದುಕೊಂಡು ಬಂದರು. ಶಿವಣ್ಣನೂ ಬಂದ. ಬೀದಿಯಲ್ಲಿ ನಾಲ್ಕು ಜನ ಇದ್ದರು, ಇರಲಿ ಅಂತ ಗಟ್ಟಿಯಾಗಿಯೇ ಹೇಳಿದೆ.

"ಲಾಳಿಕೆಗೆ ಎಣ್ಣೆ ಬಳ್ದೋಳು ನಾನು. ಇವನಲ್ಲ. ಬೆಳಿಗ್ಗೆ ಗೊತ್ತಾದ್ಮೇಲೂ ಮಂಗಳಾರತಿ ಮುಗಿಸಿ, ಪುರಿ ಅಂಚಿ, ಆಮೇಲೆ ಪೋನು ಮಾಡ್ದೋಳೂ ನಾನೇ."

ಶಿವಣ್ಣನ ತಾಯಿ ನನ್ನ ಮುಖ ನೋಡಿದರು. ಆಮೇಲೆ ನನ್ನನ್ನು ದಾಟಿಕೊಂಡು ಹೋಗಿ ಲಾಡನ್ನು ನಾಗರಾಜುವಿನ ಕೈಗೆ ಇಟ್ಟು, "ತಿನ್ನಪ್ಪ," ಅಂದರು.

ನಾನು ಕೈ ಚಾಚಲಿಲ್ಲ. ಮದ್ದೂರಿನ ಬಸ್ಸು ಹಿಡಿದು ಬಂದು, ಆ ಗಾಡಿಯ ಬ್ರೇಕಿನ ರಬ್ಬರುಗಳನ್ನೆಲ್ಲ ನಾನೇ ಕೂತು ಬಿಚ್ಚಿದೆ.