ಕಾರು ಓಡಿಸಿದ್ದು ನಾನಲ್ಲ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಸೇಡಂ ರಸ್ತೆಯಲ್ಲಿರುವ ಗೆಳೆಯನ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವು ಆರು ಜನ, ಎಲ್ಲರೂ ಐವತ್ತು ದಾಟಿದವರು, ಆ ಡಬ್ಬಿಯ ಸುತ್ತ ಕೂತಿದ್ದೆವು. ಒಳಗಿದ್ದದ್ದು ರಿಮೋಟಿನಿಂದ ಓಡುವ, ‘ಬಗ್ಗಿ’ ಎನ್ನುವ ರೇಸಿನ ಆಟಿಕೆ ಕಾರು. ನಮ್ಮ ಹರೆಯದಲ್ಲಿ ಬರುತ್ತಿದ್ದ ಅದೇ ಮಾದರಿಯನ್ನು ಕಂಪನಿಯವರು ಈಗ ಮತ್ತೆ ಮಾಡಿ ಮಾರುತ್ತಿದ್ದಾರೆ. ಅದೇ ಕೆಂಪು ಬಣ್ಣ, ಹಿಂದಿನ ಚಕ್ರಕ್ಕೆ ಅದೇ ಮುಳ್ಳುಮುಳ್ಳಿನ ಟೈರು. ಒಬ್ಬ ಗೆಳೆಯ ಕಣ್ಣೊರೆಸಿಕೊಂಡು ಹರೆಯ ವಾಪಸ್ ಬಂತು ಎಂದ. ಅವನ ಹರೆಯದಲ್ಲಿ ಇಂಥದ್ದೊಂದು ಅವನ ಮನೆಯ ಹೊಸ್ತಿಲು ತುಳಿದಿರಲಿಲ್ಲ, ನನಗೆ ಚೆನ್ನಾಗಿ ಗೊತ್ತು.

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಬರುವ ತಿಂಗಳು ಇಂಥ ಕಾರುಗಳ ಪಂದ್ಯ ಇಡುತ್ತಾರಂತೆ. ಆ ಕಾಲದಲ್ಲಿ ಕಮಲಾಪುರದ ಪಂದ್ಯ ಗೆದ್ದವನು ನಾನು, ಹಾಗಾಗಿ ಉದ್ಘಾಟನೆ ನನ್ನದೇ ಕೈಯಿಂದ, ಶಾಲು ಹಾರ ಎಲ್ಲ ಉಂಟಂತೆ. ನನಗೆ ಸಿಟ್ಟು ನೆತ್ತಿಗೇರಿತು. ಆ ಪಂದ್ಯ ನಾನು ಗೆದ್ದಿರಲಿಲ್ಲ. ಗೆದ್ದದ್ದು ವೈನಿ.

ವೈನಿ ಎಂದರೆ ನನ್ನ ಸ್ವಂತ ಅತ್ತಿಗೆ ಅಲ್ಲ. ಐವಾನ್-ಎ-ಶಾಹಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು. ಅವರ ಗಂಡ ಸರ್ಕಾರಿ ಎಂಜಿನಿಯರು, ಎಲ್ಲರ ಬಾಯಲ್ಲೂ ‘ಸಾಹೇಬರು’. ಊರಿನ ಹೆಸರು ಆಗಿನ್ನೂ ಗುಲ್ಬರ್ಗಾ, ನಾನು ಬಿ.ಎಸ್ಸಿ. ಎರಡನೇ ವರ್ಷ. ಸಾಹೇಬರು ಬೊಂಬಾಯಿಯ ಪರಿಚಿತರೊಬ್ಬರಿಂದ ಈ ಕಾರು ತರಿಸಿದ್ದರು. ತಯಾರಾಗಿಯೇ ಬರುತ್ತದೆ ಅಂದುಕೊಂಡಿದ್ದರು ಪಾಪ. ಡಬ್ಬಿ ತೆರೆದರೆ ಬರೀ ಸ್ಕ್ರೂ, ಹಲ್ಲಿನ ಚಕ್ರ, ಸಣ್ಣ ಸಣ್ಣ ಪೊಟ್ಟಣಗಳು. ಎರಡು ಭಾನುವಾರ ಗುದ್ದಾಡಿ, ಕೊನೆಗೆ ಎಲ್ಲವನ್ನೂ ಮಂಚದ ಕೆಳಗೆ ತಳ್ಳಿದರು.

ಅದನ್ನು ಹೊರಗೆ ಎಳೆದವರು ವೈನಿ. ಹತ್ತನೇ ಇಯತ್ತೆಗೆ ಅವರ ಓದು ಮುಗಿದಿತ್ತು. ಮಸಾಲೆ ಡಬ್ಬಿಯ ಬಟ್ಟಲು ಖಾಲಿ ಮಾಡಿ ಒಂದೊಂದರಲ್ಲಿ ಒಂದೊಂದು ಅಳತೆಯ ಸ್ಕ್ರೂ ಹಾಕಿಕೊಂಡರು. ಜೊತೆಗೆ ಬಂದಿದ್ದ ಪುಸ್ತಕವನ್ನು ಓದಿ ಹೇಳುತ್ತೇನೆಂದು ನಾನು ದೊಡ್ಡ ಜಾಣನ ಹಾಗೆ ಹೋದೆ. ಓದುವುದು ಬೇಡ, ಚಿತ್ರ ನೋಡಲು ಬಿಡು ಎಂದರು. ಹನ್ನೊಂದು ದಿನಕ್ಕೆ ಕಾರು ಪೂರ್ತಿ ಜೋಡಣೆಯಾಗಿ ನಿಂತಿತು. ಅದರ ಕುಲುಕಾಟ ತಡೆಯುವ ಸ್ಪ್ರಿಂಗಿನ ಕೊಳವೆಗಳಿಗೆ ಹೊಲಿಗೆ ಮಷೀನಿನ ಎಣ್ಣೆ ಹಾಕಿದರು. ಕಾರು ಕಪ್ಪೆಯ ಹಾಗೆ ಕುಪ್ಪಳಿಸಿತು. ಆಗ ಔಡಲೆಣ್ಣೆಯನ್ನು ಹನಿ ಹನಿಯಾಗಿ ಬೆರೆಸುತ್ತ, ಪ್ರತಿ ಸಲ ಕಾರನ್ನು ಮೊಣಕಾಲೆತ್ತರದಿಂದ ನೆಲಕ್ಕೆ ಬಿಟ್ಟು ನೋಡುತ್ತ ಕೂತರು. ಬಿದ್ದದ್ದು ಒಮ್ಮೆ ಮಾತ್ರ ಕುಕ್ಕಿ ಸುಮ್ಮನೆ ನಿಲ್ಲುವ ತನಕ ಅವರು ಮೇಲೇಳಲಿಲ್ಲ.

ಮೊದಲ ದಿನ ಅದನ್ನು ಮನೆ ಮುಂದಿನ ರಸ್ತೆಯಲ್ಲೇ ಓಡಿಸಿದರು. ಸಾಹೇಬರು ಆಫೀಸಿನಿಂದ ಬರುತ್ತ ನೋಡಿದರು. ಬಯ್ಯಲಿಲ್ಲ. ಎರಡು ದಿನ ಮನೆಯಲ್ಲಿ ಉಣ್ಣಲಿಲ್ಲ, ಅಷ್ಟೇ. ಅಲ್ಲಿಂದ ಕಾರು ಹಿತ್ತಲಿಗೆ ಹೋಯಿತು. ಮಧ್ಯಾಹ್ನ ಕೆಲಸ ಮುಗಿಸಿ, ಸ್ಟೀಲ್ ಲೋಟಗಳನ್ನು ಸಾಲಾಗಿ ಬೋರಲು ಹಾಕಿ, ಅವುಗಳ ನಡುವೆ ವೈನಿ ಕಾರು ಓಡಿಸುತ್ತಿದ್ದರು. ಒಂದು ಲೋಟವೂ ಉರುಳುತ್ತಿರಲಿಲ್ಲ. ಗೇಟಿನ ಹತ್ತಿರ ಸ್ಕೂಟರಿನ ಸದ್ದಾದರೆ ರಿಮೋಟನ್ನು ನನ್ನ ಕೈಗೆ ತುರುಕಿ, ಸೆರಗು ತಲೆಗೆಳೆದುಕೊಂಡು ಒಳಗೆ ಹೋಗುತ್ತಿದ್ದರು. ಹೀಗೆ ನಾನು ಡ್ರೈವರ್ ಆದೆ. ಸಾಹೇಬರು ಬೆನ್ನು ತಟ್ಟುತ್ತಿದ್ದರು, ನಾನು ಹಲ್ಲು ಕಿರಿಯುತ್ತಿದ್ದೆ.

ಸಾಹೇಬರ ಸ್ನೇಹಿತರೊಬ್ಬರಿಗೆ ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟವಿತ್ತು. ಇಂಥ ಕಾರಿದ್ದ ನಾಲ್ಕು ಕುಟುಂಬಗಳು ಒಂದು ಭಾನುವಾರ ಅಲ್ಲಿ ಸೇರಿ ಪಂದ್ಯ ಇಡುವುದೆಂದು ನಿಶ್ಚಯವಾಯಿತು. ನಮ್ಮ ಕಾರು ನೀನೇ ಓಡಿಸು ಎಂದು ಸಾಹೇಬರು ನನಗೆ ಹೇಳಿದರು. ನನಗೆಲ್ಲಿ ಓಡಿಸಲು ಬರುತ್ತಿತ್ತು, ವೈನಿಯ ಹತ್ತಿರ ಓಡಿದೆ. ಅವರು ಕೇಳಿ ನಕ್ಕರು. ಆಮೇಲೆ ಒಂದು ಉಪಾಯ ಹೇಳಿದರು. ಸಾಹೇಬರು ಹಿಂದೆ ತಂದಿದ್ದ ಇನ್ನೊಂದು ಕಾರು ಕೆಟ್ಟು ಮೂಲೆ ಸೇರಿತ್ತು, ಅದರ ರಿಮೋಟ್ ಹಾಗೇ ಇತ್ತು. ಅದನ್ನು ಹಿಡಿದುಕೊಂಡು ನಾನು ಮೈದಾನದಲ್ಲಿ ನಿಲ್ಲಬೇಕು. ನಿಜವಾದ ರಿಮೋಟ್ ಹಿಡಿದು ಅವರು ತೋಟದ ಮನೆಯ ಮಾಳಿಗೆಯ ಮೇಲೆ, ಒಣಹಾಕಿದ ಸೀರೆಗಳ ಮರೆಯಲ್ಲಿ ನಿಲ್ಲುತ್ತಾರೆ.

ಅದಕ್ಕೆ ಬದಲಾಗಿ ಅವರು ಕೇಳಿದ್ದು ಒಂದೇ.

“ಗೆದ್ದರ ಎಲ್ಲಾರ ಮುಂದ ನೀ ಹೇಳಬೇಕು ನೋಡಪ, ಓಡಿಸಿದ್ದು ಇಕಿ ಅಂತ. ನಾ ಹೇಳಿದರ ಯಾರೂ ನಂಬಂಗಿಲ್ಲ. ಗೆದ್ದ ಖುಷಿಯಾಗ ಇವರಿಗೂ ಸಿಟ್ಟು ಬರಂಗಿಲ್ಲ. ಹೇಳ್ತಿ ಇಲ್ಲ?”

“ಹೇಳ್ತೀನ್ರಿ ವೈನಿ,” ಎಂದೆ.

ಆ ಭಾನುವಾರ ನಾನು ಸತ್ತ ರಿಮೋಟಿನ ಏರಿಯಲ್ ಎಳೆದು ಮೈದಾನದಲ್ಲಿ ನಿಂತೆ. ಬಾವಿಯ ಹತ್ತಿರ ಒಂದು ಇಕ್ಕಟ್ಟಾದ ತಿರುವಿತ್ತು, ಕಲ್ಲು ಬೇರೆ. ಬೇರೆ ಮೂರು ಕಾರುಗಳೂ ಅಲ್ಲಿ ವೇಗ ಇಳಿಸಿದವು, ಒಂದು ಮಗುಚಿಯೇ ಬಿತ್ತು. ನಮ್ಮದು ವೇಗ ಇಳಿಸಲಿಲ್ಲ. ಹಿಂಭಾಗವನ್ನು ಬೇಕೆಂದೇ ಜಾರಿಸಿಕೊಂಡು, ಮಣ್ಣೆರಚುತ್ತ, ಬಾವಿಯ ಕಟ್ಟೆಗೆ ಒಂದು ಗೇಣು ಬಿಟ್ಟು ತಿರುಗಿತು. ಐದು ಸುತ್ತಿನಲ್ಲಿ ಐದು ಸಲ ಹಾಗೆಯೇ. ನಾನು ಬೆರಳು ಆಡಿಸುತ್ತ ನಿಂತಿದ್ದೆ… ನನ್ನ ಕಣ್ಣು ಮಾಳಿಗೆಯ ಕಡೆ ಹೋಗದ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು.

ಗೆದ್ದೆವು. ಸಾಹೇಬರು ನನ್ನನ್ನು ತಬ್ಬಿ ಎತ್ತಿಬಿಟ್ಟರು. ಆ ಮೂಲೆಯಲ್ಲಿ ಹೇಗೆ ತಿರುಗಿಸಿದೆ ಎಂದು ಎಲ್ಲರೂ ಸುತ್ತ ನಿಂತು ಕೇಳಿದರು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ನಾನೋ, ಕೈ ತಿರುಗಿಸಿ ತೋರಿಸುತ್ತ ವಿವರಿಸತೊಡಗಿದೆ. ಮೊದಲು ಎಡಕ್ಕೆ ಸ್ವಲ್ಪ ತೋರಿಸಬೇಕು, ಆಮೇಲೆ ಒಮ್ಮೆಲೇ ಬಲಕ್ಕೆ… ವೈನಿ ಹಿತ್ತಲಲ್ಲಿ ನನಗೆ ಹೇಳಿದ್ದ ಮಾತುಗಳೇ ಅವು, ಅಕ್ಷರ ಬಿಡದೆ. ಅಷ್ಟರಲ್ಲಿ ವೈನಿ ಮಂಡಕ್ಕಿ ಸುಸಲಾದ ತಟ್ಟೆಗಳನ್ನು ತಂದರು. ನನ್ನ ಮುಂದೆ ನಿಂತರು. ಬೇರೆಯವರಿಗೆ ಕೊಡುವುದಕ್ಕಿಂತ ಕೊಂಚ ಹೆಚ್ಚು ಹೊತ್ತು ನಿಂತರು. ನಾನು ತಟ್ಟೆ ತೆಗೆದುಕೊಂಡೆ.

ಆಗಲೇ ಸಾಹೇಬರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, ಈ ಕಾರು ಇನ್ನು ಇವನದೇ, ಇದು ಇವನ ಬಹುಮಾನ. ಜನ ಚಪ್ಪಾಳೆ ತಟ್ಟಿದರು. ನಾನು ಅದನ್ನೂ ತೆಗೆದುಕೊಂಡೆ, ಥ್ಯಾಂಕ್ಸ್ ಎಂದೆ. ಹತ್ತೊಂಬತ್ತು ವರ್ಷದವನಿಗೆ ಬುದ್ಧಿ ಇರುವುದಿಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಸುಳ್ಳು. ನನಗೆ ಬುದ್ಧಿ ಬೇಕಾದಷ್ಟಿತ್ತು.

ಮರುದಿನ ವೈನಿ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ನಿಜವಾದ ರಿಮೋಟ್, ಉಳಿದ ಸ್ಕ್ರೂಗಳಿದ್ದ ಮಸಾಲೆ ಡಬ್ಬಿ, ಎಣ್ಣೆಯ ಸಣ್ಣ ಶೀಷೆ.

“ಇವೂ ಬೇಕಾಗ್ತಾವ, ಇಟ್ಕೊ,” ಎಂದರು.

ಎರಡು ಏಟು ಹಾಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಅದನ್ನೂ ಮಾಡಲಿಲ್ಲ. ಒಂದೇ ವಾರದಲ್ಲಿ ನಾನು ಕಾರನ್ನು ಚರಂಡಿಗೆ ಬೀಳಿಸಿ ಮುಂದಿನ ಚಕ್ರ ಮುರಿದೆ. ಸರಿಮಾಡಿಕೊಡಿ ಎಂದು ಯಾವ ಮುಖ ಹೊತ್ತು ಕೇಳಲಿ? ಅಟ್ಟಕ್ಕೆ ಹಾಕಿದೆ. ಆರು ತಿಂಗಳಿಗೆ ಸಾಹೇಬರಿಗೆ ವರ್ಗವಾಯಿತು, ಅವರು ಊರು ಬಿಟ್ಟರು.

ಇದನ್ನೆಲ್ಲ ಮೊನ್ನೆ ಅಂಗಡಿಯ ಕೋಣೆಯಲ್ಲಿ ಹೇಳಿದೆ. ಇಷ್ಟು ವರ್ಷದ ಮೇಲೆ ಬಾಯಿ ಬಿಟ್ಟೆ. ಗೆಳೆಯರು ನಕ್ಕರು. ನಿನ್ನದು ಭಾಳ ದೊಡ್ಡ ಮನಸ್ಸು, ನಿನ್ನ ಗೆಲುವನ್ನೂ ಹೆಂಗಸರಿಗೆ ಕೊಟ್ಟುಬಿಟ್ಟೆ ಎಂದರು. ತನ್ನ ಮನೆಯಾಕೆಗೆ ಟಿ.ವಿ. ರಿಮೋಟೇ ಬರುವುದಿಲ್ಲ ಎಂದು ಇನ್ನೊಬ್ಬ ಹಾಸ್ಯ ಮಾಡಿದ. ಹಳೆಯ ಕಾರಿನ ಒಂದೊಂದು ಸ್ಕ್ರೂ ಹೇಗಿತ್ತೆಂದು ಇವರಿಗೆ ನೆನಪಿದೆಯಂತೆ. ಅದನ್ನು ತಿರುಗಿಸಿದ ಕೈ ಯಾರದೆಂದು ಹೇಳಿದರೆ ಮಾತ್ರ ಕಿವಿ ಕೇಳಿಸುವುದಿಲ್ಲ. ನಿಮ್ಮ ಶಾಲು ನೀವೇ ಹೊದ್ದುಕೊಳ್ಳಿ ಎಂದು ಎದ್ದು ಬಂದೆ.

ಅವರಿವರನ್ನು ಕೇಳಿ ಸಾಹೇಬರ ನಂಬರು ಹುಡುಕಿದೆ. ಈಗ ಧಾರವಾಡದಲ್ಲಿದ್ದಾರೆ, ಎಂಬತ್ತರ ಹತ್ತಿರ. ವೈನಿ ತೀರಿಕೊಂಡು ಎರಡು ವರ್ಷವಾಯಿತಂತೆ. ಆದರೂ ಹೇಳಿದೆ, ಕಮಲಾಪುರದಲ್ಲಿ ಆ ದಿನ ಕಾರು ಓಡಿಸಿದ್ದು ನಾನಲ್ಲ, ವೈನಿ.

“ಗೊತ್ತಿತ್ತಪ,” ಎಂದರು ಸಾಹೇಬರು. “ಮಾಳಿಗಿ ಇಳಿದು ಬಂದಾಗ ಅಕೀ ಮಾರಿ ನೋಡೇ ಗೊತ್ತಾತು. ಅಷ್ಟು ಖುಷಿ ಇತ್ತು ಅಕೀ ಮಾರಿ ಮ್ಯಾಲ. ಅದಕ್ಕ ಕಾರು ನಿನಗ ಕೊಟ್ಟಬಿಟ್ಟೆ.”

ಬಾಯಿಗೆ ಬಂದದ್ದನ್ನು ಬಯ್ಯಬೇಕೆಂದು ಉಸಿರು ಎಳೆದುಕೊಂಡೆ. ಬಯ್ಯಲಾಗಲಿಲ್ಲ. ಆ ಮುಖ ನನ್ನೆದುರಿಗೂ ನಿಂತಿತ್ತು, ತಟ್ಟೆ ಹಿಡಿದುಕೊಂಡು, ಅಷ್ಟು ಹೊತ್ತು. ಸಾಹೇಬರು ಕಿತ್ತುಕೊಂಡರು ನಿಜ. ಎತ್ತಿಕೊಂಡು ಮನೆಗೆ ಹೋದವನು ನಾನು.