ನೀರೊಲೆಗೆ ಹೋದ ರಬ್ಬರು

ನೆಲ ಒರೆಸುವ ಮಾಪನ್ನು ಎಲ್ಲರೂ ನೋಡಿರುತ್ತಾರೆ. ಕೋಲಿಗೂ ನೂಲಿನ ಕುಚ್ಚಿಗೂ ನಡುವೆ ಒಂದು ರಬ್ಬರು ಇರುತ್ತದಲ್ಲ, ಅದನ್ನು ಮಾತ್ರ ಯಾರೂ ಗಮನಿಸಿರುವುದಿಲ್ಲ. ನಮ್ಮದು ಅಂಗೈಯಗಲದ ನೀಲಿ ರಬ್ಬರು. ಮೇಲೆ ಕೋಲು ತೂರಿಸಲು ತೂತು, ಕೆಳಗೆ ಕುಚ್ಚಿನ ಪಟ್ಟಿಯನ್ನು ಕಚ್ಚಿ ಹಿಡಿಯಲು ಉದ್ದನೆಯ ಸೀಳು. ಹೊಸದರಲ್ಲಿ ಸೋಪಿನ ನೀರು ಸವರದಿದ್ದರೆ ಕುಚ್ಚು ಒಳಗೆ ಹೋಗುವುದೇ ಇಲ್ಲ. ಹೋದ ಮೇಲೆ ಸುಲಭಕ್ಕೆ ಬಿಡುವುದೂ ಇಲ್ಲ. ಅದು ಬಾಗುತ್ತದೆ ಎಂದೇ ನಾವು ಬಾಗಬೇಕಿರಲಿಲ್ಲ. ಮಂಚದ ಕೆಳಗೆ ಕೋಲು ಮಲಗಿಸಿ ತಳ್ಳಿದರೆ ಕುಚ್ಚು ನೆಲ ಬಿಡದೆ ಗೋಡೆಯವರೆಗೆ ಹೋಗಿ ಬರುತ್ತಿತ್ತು. ಇಷ್ಟು ಸಣ್ಣ ವಸ್ತುವಿನ ಬಗ್ಗೆ ಇಷ್ಟುದ್ದ ಪುರಾಣ ಯಾಕೆ ಎಂದರೆ, ಅದರ ವಿಷಯದಲ್ಲಿ ನಾನು ಮಾಡಿದ ಕೆಲಸವನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ನಾನು ಕೋಲಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕಿದ್ದೆ. ಸೇರಿದ್ದು ಸಂಬಳದ ಆಸೆಗಲ್ಲ, ಕಾರ್ಡಿನ ಆಸೆಗೆ. ನನ್ನ ಗಂಡ ಮಾಲೂರಿನ ಒಂದು ಹೆಂಚಿನ ಫ್ಯಾಕ್ಟರಿಯಲ್ಲಿ ಗಾಡಿ ಓಡಿಸುತ್ತಿದ್ದರು. ಮೊದಲು ಕಾಲು ಊದಿಕೊಂಡವು. ಗಾಡಿಯಲ್ಲಿ ಕೂತು ಕೂತು ಹಾಗಾಗಿದೆ ಅಂದುಕೊಂಡೆವು. ಆಮೇಲೆ ಮುಖ ಊದಿತು. ಎರಡು ಕಿಡ್ನಿಯೂ ಹೋಗಿವೆ ಎಂದು ಡಾಕ್ಟರು ಹೇಳಿದ ತಿಂಗಳೇ ಅವರ ಕೆಲಸ ಹೋಯಿತು, ಕೆಲಸದ ಜೊತೆಗೆ ವಿಮೆಯ ಕಾರ್ಡೂ ಹೋಯಿತು. ವಾರಕ್ಕೆ ಎರಡು ಸಲ ರಕ್ತ ಶುದ್ಧಿ ಮಾಡಿಸಲೇಬೇಕು, ಮನೆಯವರಲ್ಲಿ ಯಾರ ಕಾರ್ಡಿದ್ದರೂ ಅದಕ್ಕೆ ದುಡ್ಡು ಕಟ್ಟಬೇಕಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ಕಾರ್ಡಿರುವ ಕೆಲಸ ಇರಬೇಕಿತ್ತು, ಉಳಿದವಳು ನಾನೊಬ್ಬಳೇ. ಗೌನಿಪಲ್ಲಿಯಲ್ಲಿ ಮಾವಿನ ತೋಪಿನವರ ಮಗಳಾಗಿ ಹುಟ್ಟಿ, ಪಿಯುಸಿ ಪಾಸಾಗಿ, ಮಂದಿಯ ಕಫ ಒರೆಸೋಕೆ ಹೋಗ್ತೀಯಾ ಎಂದು ನನ್ನ ಅಣ್ಣ ಕೇಳಿದ. ಹೌದು ಕಣೋ, ಒರೆಸ್ತೀನಿ, ನೀನು ಬಂದು ಕಾರ್ಡು ಮಾಡಿಸಿಕೊಡು ಅಂದೆ.

ನಮ್ಮ ಮನೆ ಮುಳಬಾಗಿಲಿನಿಂದ ಕುರುಡುಮಲೆ ಕಡೆಗೆ ಹೋಗುವ ದಾರಿಯಲ್ಲಿ. ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕ ಅಕ್ಕ ಕೂರುತ್ತಿದ್ದಳು. ಒಡಹುಟ್ಟಿದ ಅಕ್ಕ ಅಲ್ಲ. ತಾಯಲೂರಿನ ಕಡೆಯವಳು, ನನಗಿಂತ ಹದಿನೈದು ವರ್ಷ ದೊಡ್ಡವಳು, ಅದೇ ಆಸ್ಪತ್ರೆಯಲ್ಲಿ ಅದೇ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದವಳು. ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಗಂಡ ತೀರಿಹೋಗಿದ್ದ, ಮಗಳನ್ನು ಕೊಟ್ಟಾಗಿತ್ತು, ಒಬ್ಬಳೇ ಇದ್ದಳು. ಕೆಲಸ ಕಲಿಸಿದ್ದು ಅವಳೇ. ಕುಚ್ಚನ್ನು ಹೇಗೆ ಹಿಂಡಬೇಕು, ರೋಗಿಯ ಚಪ್ಪಲಿ ಮುಟ್ಟದೆ ಸುತ್ತಲೂ ಹೇಗೆ ಒರೆಸಬೇಕು, ನರ್ಸಮ್ಮಂದಿರು ಗದರಿದರೆ ಯಾವ ಕಡೆ ನೋಡಬೇಕು, ಎಲ್ಲವನ್ನೂ.

ರಬ್ಬರನ್ನು ದಿನಾ ಮನೆಗೆ ತೆಗೆದುಕೊಂಡು ಹೋಗಬೇಕು ಅಂತ ಹೇಳಿಕೊಟ್ಟವಳೂ ಅವಳೇ. ಕೋಲನ್ನು ಯಾರೂ ಕದಿಯುವುದಿಲ್ಲ, ಕುಚ್ಚು ಸ್ಟೋರಿನಲ್ಲಿ ಬೇಕಾದಷ್ಟಿವೆ. ಹರಿಯುವುದು ರಬ್ಬರು, ಹರಿದರೆ ಬೇಗ ಸಿಗದಿರುವುದೂ ರಬ್ಬರು. ಹರಿದ ಹಳೆಯದನ್ನು ಕೈಗೆ ಕೊಟ್ಟರೆ ಮಾತ್ರ ಹೊಸದು ಕೊಡುವುದು ಅಲ್ಲಿನ ನಿಯಮ. ಹಾಗಾಗಿ ರಾತ್ರಿ ಪಾಳಿಯವರು ನಮ್ಮ ಒಳ್ಳೆಯದನ್ನು ತೆಗೆದು ತಮ್ಮ ಹರಿದಿದ್ದನ್ನು ಸಿಕ್ಕಿಸಿ ಹೋಗುತ್ತಿದ್ದರು. ಅದಕ್ಕೇ ನಮ್ಮ ಪಾಳಿಯ ಹೆಂಗಸರೆಲ್ಲ ಸಂಜೆ ರಬ್ಬರು ಕಳಚಿ, ಊಟದ ಡಬ್ಬಿಯ ಪಕ್ಕ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆವು.

ಆ ತಿಂಗಳು ಕಾಂಟ್ರಾಕ್ಟು ಬದಲಾಗುವುದಿತ್ತು. ಹೊಸ ಕಾಂಟ್ರಾಕ್ಟರು ಎಲ್ಲರನ್ನೂ ಇಟ್ಟುಕೊಳ್ಳುವುದಿಲ್ಲ, ನಾಲ್ಕೈದು ಜನರನ್ನು ತೆಗೆಯುತ್ತಾನೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ತೆಗೆಯೋಕೆ ನೆಪ ಬೇಕಲ್ಲ. ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಎಲ್ಲರೂ ಬಕೆಟ್ಟು, ಕೋಲು, ರಬ್ಬರು, ಕುಚ್ಚು, ಗುರುತಿನ ಚೀಟಿ ಹಿಡಿದು ಸಾಲಾಗಿ ನಿಲ್ಲಬೇಕು, ಒಂದು ಕಡಿಮೆ ಇದ್ದರೂ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ ಎಂದು ಸೂಪರ್‌ವೈಸರ್ ಹೇಳಿದ. ಇದನ್ನು ಕೇಳಿ ನಾನು ನಕ್ಕಿದ್ದೆ. ನನ್ನ ಸಾಮಾನು ಎಲ್ಲವೂ ಸರಿಯಾಗಿತ್ತು. ಮಂಗಳವಾರ ಮನೆಗೆ ಬಂದು ರಬ್ಬರನ್ನು ಸೋಪು ಹಾಕಿ ತೊಳೆದೆ. ಒದ್ದೆ ರಬ್ಬರು ಚೀಲದಲ್ಲಿಟ್ಟರೆ ನಾರುತ್ತದೆ ಅಂತ ಬಚ್ಚಲಿನ ನೀರೊಲೆಯ ಕಟ್ಟೆಯ ಮೇಲೆ ಒಣಗಲು ಇಟ್ಟೆ.

ನೀರೊಲೆಗೆ ನಮ್ಮತ್ತೆ ರಬ್ಬರು ಹಚ್ಚುತ್ತಿದ್ದರು. ನಮ್ಮ ಕಡೆ ಸುಮಾರು ಮನೆಗಳಲ್ಲಿ ಹಾಗೇ. ಪಂಚರ್ ಅಂಗಡಿಯಿಂದ ಹಳೇ ಟ್ಯೂಬಿನ ತುಂಡು ತಂದಿಟ್ಟುಕೊಂಡು, ಹಸಿ ಸೌದೆ ಹತ್ತದಿದ್ದಾಗ ಒಂದು ಚೂರು ಹಚ್ಚಿ ಒಳಗೆ ತಳ್ಳುತ್ತಾರೆ. ಬುಧವಾರ ಗಂಡನಿಗೆ ಆಸ್ಪತ್ರೆಗೆ ಹೋಗುವ ದಿನ. ಮಗ ಬಿಸಿನೀರು ಹಾಕಿಕೊಂಡು ಹೋಗಲಿ ಅಂತ ಅತ್ತೆ ಬೇಗ ಎದ್ದು ಒಲೆ ಹಚ್ಚಿದ್ದರು. ನಾನು ಬಚ್ಚಲಿಗೆ ಬಂದಾಗ ನೀರು ಚೆನ್ನಾಗಿ ಕಾದಿತ್ತು. ಕಟ್ಟೆ ಖಾಲಿ ಇತ್ತು. ಒಲೆಯ ಬಾಯಲ್ಲಿ ಕಪ್ಪು ಹೊಗೆ, ಕೆಟ್ಟ ವಾಸನೆ.

"ಇಲ್ಲೊಂದು ರಬ್ಬರಿತ್ತಲ್ಲ ಅತ್ತೆ?"

"ಹ್ಞೂಂ, ಒಳ್ಳೇ ದಪ್ಪನೆ ರಬ್ಬರು. ಟ್ಯೂಬಿಗಿಂತ ಚೆನ್ನಾಗಿ ಹತ್ಕೊಂತು. ಎಲ್ಲಿ ತಂದಿದ್ದೆ?"

ನಾನು ಆವತ್ತು ಅತ್ತೆಗೆ ಏನೇನು ಅಂದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅವರು ಇನ್ನೂ ಇದ್ದಾರೆ, ನನ್ನ ಜೊತೆಗೇ ಇದ್ದಾರೆ. ನನ್ನ ಗಂಡ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ನನ್ ನೀರಿಗೆ ತಾನೇ ಹಾಕಿದ್ದು, ಬಿಡೇ," ಅಂದರು. ಬಿಡೋಕೆ ಅದೇನು ಹುಣಸೆ ಸಿಪ್ಪೆಯಾ ಅಂತ ಅವರ ಮೇಲೂ ಹಾರಿಬಿದ್ದೆ. ತಿಂಡಿ ತಿನ್ನದೆ ಬಸ್ಸಿಗೆ ಓಡಿದೆ.

ಬಸ್ಸಿನಲ್ಲಿ ಅಕ್ಕನ ಮುಂದೆ ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಅವಳು ಮೊದಲು ನಕ್ಕಳು. ನೀರೊಲೆಗೆ ಹೋಯಿತು ಅಂದರೆ ಯಾರಿಗಾದರೂ ನಗು ಬರುತ್ತದೆ. ಆಮೇಲೆ ನನ್ನ ಮುಖ ನೋಡಿ ಹತ್ತಿರಕ್ಕೆ ಸರಿದು ಕೂತಳು.

"ಪೋನಿ ಬಿಡು, ಅಳಬೇಡ. ಕೋಲಾರ್‌ದಾಗೆ ಅಂಗಡಿ ಇಲ್ಲೇನು? ಇನ್ನೂ ಮೂರು ಗಂಟೇತನಕ ಟೈಮೈತೆ."

ಕೆಲಸ ಶುರುವಾದ ಮೇಲೆ ಅಕ್ಕ ಒಂದು ಉಪಾಯ ಮಾಡಿದಳು. ಒಂದು ಕೋಣೆ ಅವಳು ಒರೆಸುವುದು, ಮುಗಿದ ಕೂಡಲೇ ರಬ್ಬರು ಕಳಚಿ ನನಗೆ ಕೊಡುವುದು, ಮುಂದಿನ ಕೋಣೆ ನಾನು ಒರೆಸುವುದು. ಹಾಗೆ ಒಂದೇ ರಬ್ಬರಿನಲ್ಲಿ ಇಬ್ಬರೂ ಬೆಳಗಿನ ಕೆಲಸ ಮುಗಿಸಿದೆವು. ಊಟದ ಹೊತ್ತಿಗೆ ನಾನು ಊಟ ಬಿಟ್ಟು ಪೇಟೆಗೆ ಹೋದೆ. ಕ್ಲಾಕ್ ಟವರಿನ ಸುತ್ತ ಇದ್ದ ಪ್ಲಾಸ್ಟಿಕ್ ಅಂಗಡಿ, ಹಾರ್ಡ್‌ವೇರ್ ಅಂಗಡಿ ಒಂದನ್ನೂ ಬಿಡಲಿಲ್ಲ. ಮಾಪು ಕೊಡ್ತೀನಿ, ರಬ್ಬರು ಮಾತ್ರ ಬರಲ್ಲಮ್ಮ ಅಂದರು. ಮಾಪು ನೋಡಿದರೆ ಎಲ್ಲವೂ ತಗಡಿನ ಕ್ಲಿಪ್ಪಿನವು. ಪಂಚರ್ ಅಂಗಡಿಯವನು ಟ್ಯೂಬು ಕತ್ತರಿಸಿ ಏನೋ ಒಂದು ಹೊಲಿದು ಕೊಟ್ಟ. ಕಪ್ಪಗಿತ್ತು, ಸೊಟ್ಟಗಿತ್ತು, ಕುಚ್ಚನ್ನು ಹಿಡಿಯಲೂ ಇಲ್ಲ. ಅದನ್ನು ಅಂಗಡಿಯ ಮುಂದೆಯೇ ಎಸೆದು ಬಿಸಿಲಲ್ಲಿ ವಾಪಸ್ ನಡೆದೆ. ಆ ಹೊತ್ತಿಗೆ ನನ್ನ ಗಂಡ ಇನ್ನೊಂದು ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿರುತ್ತಾರೆ ಅನ್ನುವುದು ತಲೆಯಿಂದ ಹೋಗಲಿಲ್ಲ. ಕಾರ್ಡು ಹೋದರೆ ಮುಂದಿನ ತಿಂಗಳು ಆ ಮಂಚದಿಂದ ಅವರನ್ನು ಎಬ್ಬಿಸಿ ಕಳಿಸುತ್ತಾರೆ. ಬರೀ ಒಂದು ರಬ್ಬರಿಗೆ.

ಎರಡೂ ಮುಕ್ಕಾಲಿಗೆ ನನ್ನ ಪಾಲಿನ ವರಾಂಡ ಇನ್ನೂ ಉಳಿದಿತ್ತು. ಅಕ್ಕ ತನ್ನ ರಬ್ಬರು ಕಳಚಿ ಕೊಟ್ಟಳು.

"ಬೇಗ ಮುಗಿಸಿ ಕೊಡಮ್ಮಣ್ಣಿ. ಆಯಪ್ಪ ಬರೋ ಹೊತ್ತಾಯ್ತು. ನಿನ್ನದಕ್ಕೆ ನಾನೇ ಮಾತಾಡ್ತೀನಿ ಅವನ ಹತ್ರ, ಒಂದೆರಡು ದಿನ ಟೈಮ್ ಕೊಡು ಅಂತ."

ಸೋಪಿನ ನೀರು ಸವರಿ ಕುಚ್ಚು ಸಿಕ್ಕಿಸಿದೆ. ವರಾಂಡ ಒರೆಸಿದೆ. ಐದು ನಿಮಿಷದ ಕೆಲಸ. ಮುಗಿದ ಮೇಲೆ ಇನ್ನೊಂದು ಸಲ ಒರೆಸಿದೆ. ಅಕ್ಕ ಆ ತುದಿಯಲ್ಲಿ ಬರೀ ಕೋಲು ಹಿಡಿದುಕೊಂಡು ನಿಂತಿದ್ದಳು. ನಾನು ಅವಳ ಕಡೆ ನೋಡದೆ ಮೂರನೇ ಸಲ ಒರೆಸಲು ಶುರುಮಾಡಿದೆ. ಕದಿಯಬೇಕು ಅಂತ ನಾನು ಅಂದುಕೊಳ್ಳಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಎರಡನೇ ಸಲ ಒರೆಸುವಾಗಲೇ ನನಗೆ ಗೊತ್ತಿತ್ತು.

ಸೂಪರ್‌ವೈಸರ್ ಪಟ್ಟಿ ಹಿಡಿದು ಬಂದ. ಎಲ್ಲರೂ ಸಾಲಾಗಿ ನಿಂತೆವು. ನನ್ನ ಬಕೆಟ್ಟು ನೋಡಿದ, ಕೋಲು ಎಳೆದು ನೋಡಿದ, ರಬ್ಬರನ್ನು ಬಗ್ಗಿಸಿ ನೋಡಿದ, ಗುರುತು ಹಾಕಿದ. ನನ್ನ ಪಕ್ಕ ಅಕ್ಕ.

"ಏನಮ್ಮ, ರಬ್ಬರೆಲ್ಲಿ?"

ಅಕ್ಕ ನನ್ನ ಕಡೆ ನೋಡಿದಳು. ನನ್ನ ರಬ್ಬರಿನ ಕಡೆ ಅಲ್ಲ, ನನ್ನ ಮುಖದ ಕಡೆ. ನಾನು ಬಕೆಟ್ಟಿನ ನೀರು ನೋಡುತ್ತಿದ್ದೆ. ಒಂದು ಮಾತು ಸಾಕಿತ್ತು. ಅವಳಾದರೂ ಆಡಬಹುದಿತ್ತು, ನಾನಾದರೂ ಆಡಬಹುದಿತ್ತು.

"ಮನೇಲಿ ನೀರೊಲೆಗೆ ಹಾಕ್ಬಿಟ್ರು ಸಾರ್," ಅಂದಳು ಅಕ್ಕ.

ಅವನು ಜೋರಾಗಿ ನಕ್ಕ. ಸಾಲಿನಲ್ಲಿದ್ದ ಹೆಂಗಸರೂ ನಕ್ಕರು. ಒಬ್ಬಳೇ ಇರುವವಳ ಮನೆಯಲ್ಲಿ ಒಲೆಗೆ ಹಾಕಿದ್ದು ಯಾರು ಅಂತ ಒಬ್ಬರೂ ಕೇಳಲಿಲ್ಲ. ಅವನು ಅವಳ ಹೆಸರಿನ ಮುಂದೆ ಗುರುತು ಹಾಕದೆ ಮುಂದಕ್ಕೆ ಹೋದ.

ಸಂಜೆ ಬಸ್ಸಿನಲ್ಲಿ ಎಂದಿನಂತೆ ನನ್ನ ಪಕ್ಕವೇ ಕೂತಳು. ಬೈಯುತ್ತಾಳೆ ಅಂತ ಕಾದೆ. ಮುಳಬಾಗಿಲು ಬರುವವರೆಗೂ ಕಿಟಕಿಯ ಕಡೆ ತಿರುಗಿಕೊಂಡಿದ್ದಳು. ಇಳಿಯುವಾಗ, ಹನ್ನೊಂದನೇ ನಂಬರಿನ ಮುದುಕಪ್ಪನ ಮಂಚದ ಕೆಳಗೆ ಔಷಧಿ ಬಾಟಲಿ ಉರುಳಿಹೋಗಿದೆ, ನಾಳೆ ನೋಡಿ ತೆಗಿ ಅಂದಳು, ಅಷ್ಟೇ. ರಬ್ಬರು ನನ್ನ ಚೀಲದಲ್ಲಿತ್ತು. ಆಗಲಾದರೂ ತೆಗೆದು ಕೊಡಬಹುದಿತ್ತು. ಕೊಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಕೂದಲು ಹಿಡಿದು ಎರಡು ಬಾರಿಸಿದ್ದರೆ ನಾನು ಮನೆಗೆ ಹೋಗಿ ಊಟ ಮಾಡುತ್ತಿದ್ದೆ.

ಮರುದಿನದಿಂದ ಅವಳು ಬರಲಿಲ್ಲ. ನಾನು ಆ ಬಸ್ಸು ಬಿಟ್ಟು ಅದಕ್ಕಿಂತ ಮುಂಚೆ ಹೊರಡುವುದನ್ನು ಹತ್ತತೊಡಗಿದೆ. ಕಾರ್ಡು ಚೆನ್ನಾಗಿ ಕೆಲಸ ಮಾಡಿತು. ಎರಡೂವರೆ ತಿಂಗಳು, ಒಂದು ವಾರವೂ ತಪ್ಪದ ಹಾಗೆ, ನನ್ನ ಗಂಡನನ್ನು ಆ ಮಂಚದ ಮೇಲೆ ಮಲಗಿಸಿ ಎಬ್ಬಿಸಿತು. ಆಮೇಲೆ ಒಂದು ಸೋಮವಾರ ಬೆಳಿಗ್ಗೆ, ಕಾಫಿ ಲೋಟ ಕೈಯಲ್ಲಿ ಹಿಡಿದಿದ್ದ ಹಾಗೇ ಅವರ ಎದೆಬಡಿತ ನಿಂತಿತು. ಕಾರ್ಡು ಚೀಲದಲ್ಲಿ ಹಾಗೇ ಇತ್ತು. ಹನ್ನೊಂದನೇ ದಿನ ನನ್ನ ತಾಳಿ, ಕಾಲುಂಗುರ ತೆಗೆಸಿದರು. ಹಣೆಗೆ ಮಾತ್ರ ನಾನು ದಿನಾ ಸ್ಟಿಕ್ಕರ್ ಇಟ್ಟುಕೊಂಡೇ ಕೆಲಸಕ್ಕೆ ಹೋಗುತ್ತೇನೆ. ರೋಗಿಗಳು ಬೆಳಗಾಗೆದ್ದು ನೋಡುವ ಮುಖ, ಬೋಳಾಗಿ ಯಾಕಿರಬೇಕು.

ಹೋದ ಮಾವಿನ ಕಾಲದಲ್ಲಿ ಮುಳಬಾಗಿಲಿನ ಬಸ್‌ ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕಳು. ನಾನು ತಪ್ಪಿಸಿಕೊಳ್ಳುವಷ್ಟರಲ್ಲಿ ಅವಳೇ ನೋಡಿದಳು. ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನಕಾಯಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳಂತೆ. ಸೊನೆ ತಗುಲಿ ಕೈಯೆಲ್ಲ ಕಪ್ಪಾಗಿ ಸುಲಿದಿತ್ತು. ಸೊರಗಿದ್ದಳು. ನನ್ನ ಯೂನಿಫಾರ್ಮನ್ನು, ಹಣೆಯನ್ನು ನೋಡಿ ಅವಳ ಮುಖ ಅರಳಿತು.

"ಅಲ್ಲೇ ಇದ್ದೀಯಾ? ಒಳ್ಳೇದಾಯ್ತು. ನಿಮ್ಮ ಯಜಮಾನ್ರು ಹೆಂಗವ್ರೆ?"

ಬಾಯಿ ತೆರೆದೆ. ನಿನ್ನ ಕೆಲಸ ಕಿತ್ತುಕೊಂಡು ಎರಡೂವರೆ ತಿಂಗಳು ಸಂಪಾದಿಸಿದೆ ಅಕ್ಕ ಎಂದು ಆ ಕೈ ನೋಡಿಕೊಂಡು ಹೇಗೆ ಹೇಳುವುದು?

"ಚೆನ್ನಾಗವ್ರೆ ಅಕ್ಕ. ಈಗ ನಡೆದಾಡ್ತಾರೆ."

"ಅಷ್ಟು ಸಾಕು ಬಿಡು," ಎಂದು ಅವಳು ನೆಲದ ಮೇಲಿದ್ದ ಚೀಲಕ್ಕೆ ಬಗ್ಗಿದಳು. ಚೀಲದ ಹಿಡಿ ಕೈಗೆ ಸಿಕ್ಕಿತ್ತು, ಆದರೆ ಅವಳು ತಕ್ಷಣ ಏಳಲಿಲ್ಲ. ನನ್ನ ಕಾಲಿನ ಬೆರಳುಗಳನ್ನು ನೋಡುತ್ತಿದ್ದಳು. ಉಂಗುರವಿದ್ದ ಜಾಗ ಇನ್ನೂ ಬೆಳ್ಳಗಿತ್ತು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

ಎದ್ದವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಚೀಲದಿಂದ ಎರಡು ಹಣ್ಣು ತೆಗೆದು ನನ್ನ ಕೈಗಿಟ್ಟಳು.

"ಒಂದು ಅವರಿಗೆ ಕೊಡು. ಜ್ವಾಪಾನವಾಗಿ ನೋಡ್ಕೋ."

ಶ್ರೀನಿವಾಸಪುರದ ಬಸ್ಸು ಬಂದಿತ್ತು. ತಪ್ಪಾಯಿತು ಅನ್ನುವ ಒಂದು ಮಾತು ಆಡಲು ಅವಳು ಬಸ್ಸಿನ ಮೆಟ್ಟಿಲು ಹತ್ತುವವರೆಗೂ ಸಮಯವಿತ್ತು. ಅದರ ಬದಲು ನಾನು ಹೇಳಿದ್ದು, "ನೀನು ಕೇಳಿದೆ ಅಂತ ಹೇಳ್ತೀನಕ್ಕ ಅವರಿಗೆ."