ಗುಹೆ ಹುಲಿಯ ಬಾಯಿ

ಗುಹೆ ತೋರಿಸುವ ನಮ್ಮ ಗೈಡ್‌ನನ್ನು ಊರೆಲ್ಲ ‘ಗುಹೆ ಹುಲಿ’ ಎಂದು ಕರೆಯುತ್ತದೆ. ನದಿದಂಡೆಯ ಕಾಡುಹಾದಿಯಲ್ಲಿ ದಂಡಯಾತ್ರೆಗೆ ಹೊರಟ ಸೇನಾಪತಿಯಂತೆ ಕೋಲು ಬೀಸುತ್ತ ಮುಂದೆ ನಡೆಯುವ ಈ ವೀರ, ತರಗೆಲೆ ಸರಕ್ಕೆಂದರೆ ನಮ್ಮ ಬೆನ್ನ ಹಿಂದೆ ಹಾಜರು. ಸಾವಿರ ವರ್ಷದ ಆ ಗುಹೆಯ ಬಾಗಿಲಿಗೆ ಬಂದರಂತೂ ಅವನ ಕಾಲಿಗೆ ಬೇರು ಬಿಡುತ್ತದೆ. ಟಾರ್ಚನ್ನು ನಮ್ಮ ಕೈಗಿಟ್ಟು, ‘ಬಲಗಡೆ ಗೋಡೆ ಹಿಡ್ಕೊಂಡು ಹೋಗ್ಬನ್ನಿ’ ಎಂದು ಹೊರಗೇ ನಿಲ್ಲುತ್ತಾನೆ. ‘ನೀನ್ಯಾಕಪ್ಪಾ ಬರಲ್ಲ, ಹುಲಿ?’ ಎಂದು ಆವತ್ತು ನಮ್ಮತ್ತೆ ಕೆಣಕಿದರೆ, ‘ಹೆದರಿಕೆ ಅಮ್ಮಾ’ ಎಂದ, ಚೂರೂ ನಾಚದೆ. ಆಮೇಲೆ ಶುರುವಾಗುವುದು ಅವನ ಬಾಯಿ: ರಾಜರ ವಂಶಾವಳಿ, ತನ್ನ ಹಲ್ಲುನೋವು, ಹೆಂಡತಿಯ ಗೊರಕೆ, ಯಾವುದಕ್ಕೂ ಪೂರ್ಣವಿರಾಮವಿಲ್ಲ. ಒಳಗೆ ನಾವು ಕಿವಿ ಮುಚ್ಚಿಕೊಂಡು ನಗುತ್ತಿದ್ದೆವು, ಟಾರ್ಚ್ ಆರುವವರೆಗೆ. ಗಾಬರಿಯಲ್ಲಿ ಗೋಡೆ ಕೈತಪ್ಪಿತು. ಎತ್ತ ತಿರುಗಿದರೂ ಒಂದೇ ಕಪ್ಪು. ಅತ್ತೆಯ ಉಗುರು ನನ್ನ ತೋಳಿಗಿಳಿಯಿತು. ದೂರದಲ್ಲಿ ಆ ಗೊರಕೆಯ ಕಥೆಯೊಂದೇ ಕೇಳುತ್ತಿತ್ತು. ಅದನ್ನೇ ಹಿಡಿದು ತೆವಳುತ್ತ ಹೊರಬಂದೆವು. ಅವನು ನಮ್ಮ ತಲೆ ಎಣಿಸಿದ. ಆಮೇಲಷ್ಟೇ ಬಾಟಲಿ ಎತ್ತಿ ಗಟಗಟ ನೀರು ಕುಡಿದ. ‘ಮಧ್ಯೆ ಒಂದು ಗುಟುಕು ಕುಡೀಬಾರ್ದೇನಪ್ಪಾ?’ ಎಂದರು ಅತ್ತೆ. ‘ಒಂದ್ಸಲ ಮಾತು ನಿಲ್ಸಿ, ನೀರಿಗೆ ಅಂತ ನದಿಗಿಳಿದಿದ್ದೆ ಅಮ್ಮಾ’ ಎಂದ. ‘ಒಳಗಿದ್ದ ನಮ್ಮಣ್ಣ ಇನ್ನೂ ಬಂದಿಲ್ಲ.’